ಯೂನಿಯನ್‌ಗೆ ಬಲ ಕೊಡುವ ಕಾನೂನು ಯಾವುದು? ಅಧಿಕಾರಕ್ಕೆ ಬಂದ ಪಕ್ಷದ ಮುಂದಿರುವ ದಾರಿಗಳ ಹೋಲಿಕೆ

ಕಾರ್ಮಿಕರ ಪರ ಎಂದು ಹೇಳಿ ಗೆದ್ದು ಬಂದ ಪಕ್ಷ ಸದನದಲ್ಲಿ ಎರಡು ಬಗೆಯ ಕೆಲಸ ಮಾಡಬಹುದು. ಕನಿಷ್ಠ ವೇತನ, ರಜೆ, ಓಟಿ ದರ ಮುಂತಾದವನ್ನು ಕಾನೂನಿನಿಂದಲೇ ನೇರವಾಗಿ ಕಾರ್ಮಿಕರಿಗೆ ಕೊಡಬಹುದು. ಇಲ್ಲವೇ ಅವನ್ನೆಲ್ಲ ಕೇಳಿ ಪಡೆಯುವ ತಾಕತ್ತನ್ನು ಯೂನಿಯನ್‌ಗೆ ಕೊಡಬಹುದು. ಮೊದಲನೆಯದಕ್ಕೆ ಚಪ್ಪಾಳೆ ಬೇಗ ಬೀಳುತ್ತದೆ, ಅದು ಬೇಕಾದದ್ದೂ ಹೌದು. ಆದರೆ ಅದನ್ನು ಯೂನಿಯನ್‌ಗೆ ಕೊಟ್ಟ ಬೆಂಬಲ ಎಂದು ಲೆಕ್ಕ ಬರೆಯುವುದು ತಪ್ಪು. ಸರ್ಕಾರವೇ ಸಂಬಳ ಏರಿಸಿದರೆ ಚಂದಾ ಕಟ್ಟಿ ಯೂನಿಯನ್ ಸೇರುವುದು ಯಾಕೆ ಎಂದು ಕಾರ್ಮಿಕ ಕೇಳುತ್ತಾನೆ. ಮುಂದಿನ ಸರ್ಕಾರ ಆ ಸೌಲಭ್ಯ ಕಿತ್ತುಕೊಳ್ಳಲು ಬಂದಾಗ ಎದುರು ನಿಲ್ಲುವ ಸಂಘಟನೆಯೇ ಇರುವುದಿಲ್ಲ.

ಈ ಮಾರ್ಗದರ್ಶಿ ಎರಡನೆಯ ಬಗೆಯ ಕಾನೂನುಗಳನ್ನು ಮಾತ್ರ ಹೋಲಿಸುತ್ತದೆ. ಪ್ರತಿ ಆಯ್ಕೆಯನ್ನೂ ನಾಲ್ಕು ಪ್ರಶ್ನೆಗಳಿಂದ ಅಳೆಯಬೇಕು. ಈ ಕಾನೂನು ಬಂದ ಮೇಲೆ ಯೂನಿಯನ್ ಸೇರಲು ಕಾರಣ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ? ಆಡಳಿತ ವರ್ಗ ಕಾನೂನು ಮುರಿದ ದಿನಕ್ಕೂ ಅದರ ಬಿಸಿ ತಟ್ಟುವ ದಿನಕ್ಕೂ ನಡುವೆ ಎಷ್ಟು ಸಮಯ? ಕಾನೂನು ತಾನಾಗಿ ನಡೆಯುತ್ತದೆಯೇ, ಅಥವಾ ಯಾವುದೋ ಇಲಾಖೆಯ ಸಹಿಗೆ ಕಾಯುತ್ತದೆಯೇ? ಅದನ್ನು ರದ್ದು ಮಾಡಲು ವಿರೋಧಿಗಳಿಗೆ ಏನೇನು ಬೇಕು? ಕೊನೆಯ ಪ್ರಶ್ನೆಯನ್ನು ಹೆಚ್ಚಿನ ಪಕ್ಷಗಳು ಸೋತ ಮೇಲೆ ಕೇಳಿಕೊಳ್ಳುತ್ತವೆ.

ತಳಪಾಯ: ರಕ್ಷಣೆಯೋ, ಹಕ್ಕೋ

ಬ್ರಿಟನ್ನಿನಲ್ಲಿ 1901ರ ಟ್ಯಾಫ್ ವೇಲ್ ತೀರ್ಪು, ಮುಷ್ಕರದಿಂದ ರೈಲ್ವೆ ಕಂಪನಿಗೆ ಆದ ನಷ್ಟವನ್ನು ಯೂನಿಯನ್ನೇ ಕಟ್ಟಿಕೊಡಬೇಕು ಎಂದಿತು. ಮುಷ್ಕರ ಮಾಡಿದರೆ ಸಂಘದ ಬೊಕ್ಕಸವೇ ಖಾಲಿ ಎನ್ನುವ ಸ್ಥಿತಿ. ಐದು ವರ್ಷದ ನಂತರ, 29 ಲೇಬರ್ ಸದಸ್ಯರು ಗೆದ್ದು ಬಂದ ಸಂಸತ್ತಿನಲ್ಲಿ, ಲಿಬರಲ್ ಸರ್ಕಾರ 1906ರ ಕಾರ್ಮಿಕ ವಿವಾದ ಕಾಯ್ದೆ ತಂದು ಅಂಥ ದಾವೆಗಳಿಂದ ಯೂನಿಯನ್‌ಗಳಿಗೆ ರಕ್ಷಣೆ ಕೊಟ್ಟಿತು. ಭಾರತದ ಕಥೆಯೂ ಇದೇ ಜಾಡಿನದು. ಮದ್ರಾಸಿನ ಬಕಿಂಗ್‌ಹ್ಯಾಮ್ ಮಿಲ್ ವಿವಾದದಲ್ಲಿ ಹೈಕೋರ್ಟು ಕಾರ್ಮಿಕ ನಾಯಕರ ವಿರುದ್ಧ ತಡೆಯಾಜ್ಞೆ ಕೊಟ್ಟ ಬಳಿಕವೇ 1926ರ ಕಾರ್ಮಿಕ ಸಂಘಗಳ ಕಾಯ್ದೆ ಬಂದದ್ದು. ಅದರ 17 ಮತ್ತು 18ನೇ ಕಲಮುಗಳು ನೋಂದಾಯಿತ ಸಂಘಗಳನ್ನು ಒಳಸಂಚಿನ ಮೊಕದ್ದಮೆ ಮತ್ತು ಸಿವಿಲ್ ದಾವೆಗಳಿಂದ ಕಾಪಾಡುತ್ತಿದ್ದವು.

ಈ ಬಗೆಯ ರಕ್ಷಣೆಯನ್ನು ಬೇಗ ಬರೆಯಬಹುದು, ಇಲಾಖೆಯ ಹಂಗೂ ಬೇಡ, ನ್ಯಾಯಾಲಯದಲ್ಲಿ ನೇರವಾಗಿ ಎತ್ತಬಹುದು. ದೌರ್ಬಲ್ಯವೂ ಅಲ್ಲೇ ಇದೆ: ರಕ್ಷಣೆ ಎಂದರೆ ಸಾಮಾನ್ಯ ಕಾನೂನಿಗೆ ಒಂದು ವಿನಾಯಿತಿ, ವಿನಾಯಿತಿಯನ್ನು ಅಂಚಿನಿಂದ ಕತ್ತರಿಸುತ್ತ ಬರಬಹುದು. 1980ರಿಂದ ಮುಂದೆ ಥ್ಯಾಚರ್ ಸರ್ಕಾರ ಮಾಡಿದ್ದು ಅದನ್ನೇ. ಮುಷ್ಕರದ ಹಕ್ಕನ್ನು ರದ್ದು ಮಾಡುತ್ತೇವೆ ಎಂದು ಒಮ್ಮೆಯೂ ಹೇಳಬೇಕಾಗಲಿಲ್ಲ. ಬೇರೆ ಕಂಪನಿಯ ಮುಷ್ಕರಕ್ಕೆ ಬೆಂಬಲವಾಗಿ ನಡೆದರೆ ರಕ್ಷಣೆ ಇಲ್ಲ, ಸದಸ್ಯರ ಮತದಾನ ಇಲ್ಲದೆ ನಡೆದರೆ ರಕ್ಷಣೆ ಇಲ್ಲ ಎಂದು ಒಂದೊಂದೇ ಷರತ್ತು ಸೇರಿಸಿದರೆ ಸಾಕಾಯಿತು.

ಹಾಗಾದರೆ ಸಂವಿಧಾನದಲ್ಲೇ ಹಕ್ಕು ಬರೆದುಬಿಡೋಣವೇ? ಅಮೆರಿಕದ ಇಲಿನಾಯ್ ರಾಜ್ಯ 2022ರಲ್ಲಿ ಜನಮತದ ಮೂಲಕ ಸಾಮೂಹಿಕ ಚೌಕಾಸಿಯ, ಅಂದರೆ ಕಾರ್ಮಿಕರು ಒಟ್ಟಾಗಿ ಮಾಲೀಕರೊಡನೆ ಮಾತಾಡಿ ಒಪ್ಪಂದ ಮಾಡಿಕೊಳ್ಳುವ ಹಕ್ಕನ್ನು ರಾಜ್ಯ ಸಂವಿಧಾನಕ್ಕೆ ಸೇರಿಸಿತು. ಇನ್ನು ಅಲ್ಲಿ ಸಾಮಾನ್ಯ ಬಹುಮತದಿಂದ ಅದನ್ನು ಕೀಳಲಾಗದು. ಆದರೆ ಬರೆಯುವ ಮಾತು ನಿಖರವಾಗಿರಬೇಕು. ಭಾರತದ ಸಂವಿಧಾನದ 19(1)(ಸಿ) ಸಂಘ ಕಟ್ಟುವ ಹಕ್ಕು ಕೊಡುತ್ತದೆ. ಆ ಹಕ್ಕಿನೊಳಗೆ ಚೌಕಾಸಿಯ ಹಕ್ಕಾಗಲಿ ಮುಷ್ಕರದ ಹಕ್ಕಾಗಲಿ ಇಲ್ಲ ಎಂದು ಸುಪ್ರೀಂ ಕೋರ್ಟು 1961ರಲ್ಲೇ ಹೇಳಿತು. ‘ಸಂಘ’ ಎಂದು ಬರೆದು ‘ಚೌಕಾಸಿ’, ‘ಮುಷ್ಕರ’ ಎಂಬ ಪದಗಳನ್ನು ಬಿಟ್ಟರೆ, ಬಿಟ್ಟದ್ದನ್ನು ನ್ಯಾಯಾಲಯ ತುಂಬಿಕೊಡುತ್ತದೆ ಎಂದು ನಂಬಿ ಕೂರುವಂತಿಲ್ಲ.

ಮಾನ್ಯತೆ: ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವ ಆಯ್ಕೆ

ನೋಂದಣಿ ಬೇರೆ, ಮಾನ್ಯತೆ ಬೇರೆ. ನೋಂದಾಯಿತ ಯೂನಿಯನ್ ಪತ್ರ ಬರೆಯಬಹುದು. ಮಾತುಕತೆಗೆ ಕೂರಲೇಬೇಕಾದ ಬಾಧ್ಯತೆ ಮಾಲೀಕರಿಗೆ ಬರುವುದು ಮಾನ್ಯತೆಯಿಂದ. ಮಾನ್ಯತೆ ಯಾರಿಗೆ ಎಂದು ತೀರ್ಮಾನಿಸಲು ಮುಖ್ಯವಾಗಿ ಎರಡು ವಿಧಾನಗಳಿವೆ: ಸಹಿ ಹಾಕಿದ ಸದಸ್ಯತ್ವ ಚೀಟಿಗಳ ಎಣಿಕೆ, ಅಥವಾ ಗುಪ್ತ ಮತದಾನ.

ಗುಪ್ತ ಮತದಾನ ಕೇಳಲು ಹೆಚ್ಚು ಪ್ರಜಾಸತ್ತಾತ್ಮಕ. ತೊಂದರೆ ಇರುವುದು ಮತಪೆಟ್ಟಿಗೆಯಲ್ಲಲ್ಲ, ಅರ್ಜಿ ಹಾಕಿದ ದಿನಕ್ಕೂ ಮತದಾನಕ್ಕೂ ನಡುವಿನ ವಾರಗಳಲ್ಲಿ. ಅಷ್ಟು ದಿನದಲ್ಲಿ ಒಬ್ಬಿಬ್ಬರು ಮುಂದಾಳುಗಳನ್ನು ವರ್ಗ ಮಾಡಿ, ಒಬ್ಬರನ್ನು ಕೆಲಸದಿಂದ ತೆಗೆದು, ಉಳಿದವರನ್ನು ಮೇಲ್ವಿಚಾರಕರ ಕೊಠಡಿಗೆ ಒಬ್ಬೊಬ್ಬರಾಗಿ ಕರೆದರೆ ಸಹಿ ಹಾಕಿದ್ದವರೇ ಹಿಂದೆ ಸರಿಯುತ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಇದಕ್ಕೆ ಸಿದ್ಧ ಪ್ರಯೋಗಶಾಲೆ. 1984ರಲ್ಲಿ ಚೀಟಿ ಪದ್ಧತಿ ಹೋಗಿ ಕಡ್ಡಾಯ ಮತದಾನ ಬಂತು, 1993ರಲ್ಲಿ ಚೀಟಿ ಮರಳಿತು, 2001ರಲ್ಲಿ ಮತ್ತೆ ಮತದಾನ, 2022ರಲ್ಲಿ ಮತ್ತೆ ಚೀಟಿ. ಆ ದಾಖಲೆಗಳ ಅಧ್ಯಯನದಲ್ಲಿ ಕಡ್ಡಾಯ ಮತದಾನದ ಕಾಲದಲ್ಲಿ ಯೂನಿಯನ್‌ಗಳ ಯಶಸ್ಸಿನ ಪ್ರಮಾಣ ಸುಮಾರು 19 ಶೇಕಡಾ ಅಂಶಗಳಷ್ಟು ಇಳಿದದ್ದು ಕಂಡಿತು.

ಈಗ ಅಲ್ಲಿರುವ ನಿಯಮ ಮಧ್ಯದ ದಾರಿ. ಘಟಕದ (ಯೂನಿಯನ್ ಪ್ರತಿನಿಧಿಸಲು ಹೊರಟ ಕಾರ್ಮಿಕರ ಗುಂಪಿನ) ಶೇ. 55 ಅಥವಾ ಹೆಚ್ಚು ಕಾರ್ಮಿಕರ ಚೀಟಿ ಇದ್ದರೆ ನೇರ ಮಾನ್ಯತೆ, ಶೇ. 45ರಿಂದ 55ರೊಳಗಿದ್ದರೆ ಮತದಾನ, ಅದೂ ಐದು ಕೆಲಸದ ದಿನಗಳಲ್ಲಿ. ಹೊಸದಾಗಿ ಕಾನೂನು ಬರೆಯುವವರು ನಕಲು ಮಾಡಬಹುದಾದ ಒಳ್ಳೆಯ ಮಾದರಿ ಇದು. ಮತದಾನ ಬೇಕೇ ಬೇಕು ಎಂದು ಮಿತ್ರಪಕ್ಷ ಹಟ ಹಿಡಿದರೆ ಒಪ್ಪಿಕೊಳ್ಳಿ. ಆದರೆ ಗಡುವನ್ನು ಮಾತ್ರ ಬಿಡಬೇಡಿ, ಅದನ್ನು ನಿಯಮಾವಳಿಗೂ ತಳ್ಳಬೇಡಿ. ಕಾಯ್ದೆಯ ಒಳಗೇ ದಿನಗಳ ಲೆಕ್ಕದಲ್ಲಿ ಬರೆಯಿರಿ.

ಶೇಕಡಾವಾರು ಬರೆಯುವಾಗ ಒಂದು ಹೊಂಡವಿದೆ. ಬ್ರಿಟನ್ನಿನ 1999ರ ಕಾನೂನು, ಮತ ಹಾಕಿದವರಲ್ಲಿ ಬಹುಮತದ ಜೊತೆಗೆ ಒಟ್ಟು ಘಟಕದ ಶೇ. 40 ಜನರ ಬೆಂಬಲವನ್ನೂ ಕೇಳಿತು. 1,000 ಜನರ ಕಾರ್ಖಾನೆಯಲ್ಲಿ 390 ಮಂದಿ ಪರ, 100 ಮಂದಿ ವಿರೋಧ ಎಂದಿಟ್ಟುಕೊಳ್ಳಿ. ಚಲಾವಣೆಯಾದ ಮತಗಳಲ್ಲಿ ಶೇ. 80ರಷ್ಟು ಬಿದ್ದರೂ ಯೂನಿಯನ್ ಸೋತಂತೆ. ಮನೆಯಲ್ಲಿ ಕುಳಿತವರೆಲ್ಲ ಮಾಲೀಕರ ಮತದಾರರಾಗುತ್ತಾರೆ. ಇಷ್ಟು ಕಠಿಣ ನಿಯಮವನ್ನು ಆ ಸಂಸತ್ತಿನ ಸದಸ್ಯರು ತಮ್ಮ ಚುನಾವಣೆಗೆ ಹಾಕಿಕೊಂಡಿರಲಿಲ್ಲ ಎನ್ನುವುದು ಬೇರೆ ಮಾತು.

ಶೇಕಡಾವಾರಿಗಿಂತಲೂ ಮುಖ್ಯ, ಯಾವುದರ ಶೇಕಡಾ ಎಂಬುದು. ಭಾರತದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಒಂದಕ್ಕಿಂತ ಹೆಚ್ಚು ಯೂನಿಯನ್‌ಗಳಿರುವಲ್ಲಿ ಹಾಜರಿ ಪಟ್ಟಿಯ ಶೇ. 51 ಕಾರ್ಮಿಕರ ಬೆಂಬಲವಿದ್ದ ಯೂನಿಯನ್ ಒಂದೇ ಮಾತುಕತೆಗೆ ಅರ್ಹ. ಯಾರಿಗೂ ಅಷ್ಟಿಲ್ಲದಿದ್ದರೆ ಶೇ. 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಯೂನಿಯನ್‌ಗಳ ಮಾತುಕತೆ ಮಂಡಳಿ. ಇಲ್ಲಿ ಎಲ್ಲವೂ ನಿಂತಿರುವುದು ಆ ಹಾಜರಿ ಪಟ್ಟಿಯ ಮೇಲೆ. ಅದೇ ಯಂತ್ರದ ಮುಂದೆ ನಿಂತ ಗುತ್ತಿಗೆ ಕಾರ್ಮಿಕ ಯಾರ ಪಟ್ಟಿಯಲ್ಲಿದ್ದಾನೆ? ಪಟ್ಟಿ ಕೊಡುವವರು ಯಾರು, ಯಾವ ದಿನಾಂಕದ್ದು, ಅದನ್ನು ನೋಡುವ ಹಕ್ಕು ಯೂನಿಯನ್‌ಗೆ ಯಾವಾಗ ಬರುತ್ತದೆ? ಕಾನೂನು ಇದಕ್ಕೆ ಉತ್ತರ ಹೇಳದಿದ್ದರೆ ಅರ್ಜಿ ಬಿದ್ದ ಮರುದಿನವೇ ಪಟ್ಟಿ ಉದ್ದವಾಗುತ್ತದೆ. ಅರ್ಜಿಯ ಹಿಂದಿನ ದಿನದ ಪಟ್ಟಿಯೇ ಅಂತಿಮ, ಅದರ ಪ್ರತಿಯನ್ನು ಎರಡು ದಿನದೊಳಗೆ ಕೊಡದಿದ್ದರೆ ಯೂನಿಯನ್ ಹೇಳಿದ ಸಂಖ್ಯೆಯೇ ಸರಿ ಎಂದು ಭಾವಿಸತಕ್ಕದ್ದು: ಇಷ್ಟು ಎರಡು ಸಾಲು ಸೇರಿಸಿದರೆ ವರ್ಷಗಟ್ಟಲೆಯ ವ್ಯಾಜ್ಯ ತಪ್ಪುತ್ತದೆ.

ಒಂದೇ ಯೂನಿಯನ್‌ಗೆ ಏಕಸ್ವಾಮ್ಯ ಕೊಡುವುದಾದರೆ ಅದನ್ನು ಬದಲಿಸುವ ಬಾಗಿಲೂ ತೆರೆದಿರಲಿ. 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆ ಪ್ರಾತಿನಿಧಿಕ ಯೂನಿಯನ್‌ಗೆ ಸಂಪೂರ್ಣ ಹಕ್ಕು ಕೊಟ್ಟಿತು, ಆದರೆ ಕಾರ್ಮಿಕರು ಗುಪ್ತ ಮತದಿಂದ ಅದನ್ನು ಬದಲಿಸುವ ದಾರಿ ಇಡಲಿಲ್ಲ. 1982ರ ಜನವರಿಯಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಜವಳಿ ಕಾರ್ಮಿಕರು ಯೂನಿಯನ್ ನಾಯಕ ದತ್ತಾ ಸಾಮಂತ್ ಹಿಂದೆ ಮುಷ್ಕರಕ್ಕಿಳಿದಾಗ, ಕಾನೂನಿನ ಕಣ್ಣಿಗೆ ಅವರ ಪ್ರತಿನಿಧಿ ಇನ್ನೂ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘವೇ. ಗಿರಣಿಗಳು ನಿಂತವು, ಮಾತಾಡಬೇಕಾದವರಿಗೆ ಮಾತಾಡುವ ಹಕ್ಕಿರಲಿಲ್ಲ, ಹಕ್ಕಿದ್ದವರ ಹಿಂದೆ ಜನರಿರಲಿಲ್ಲ. ತನ್ನದೇ ಯೂನಿಯನ್‌ಗೆ ಕಾನೂನಿನ ಬೇಲಿ ಕಟ್ಟಿಕೊಡಬೇಕೆನ್ನುವ ಆಸೆ ಪ್ರತಿ ಆಡಳಿತ ಪಕ್ಷಕ್ಕೂ ಇರುತ್ತದೆ. ಅಂಥ ಬೇಲಿಯೊಳಗೆ ಬೆಳೆದ ಸಂಘ ಚಂದಾ ವಸೂಲಿ ಕಚೇರಿಯಾಗಿ ಉಳಿಯುತ್ತದೆ, ಅಷ್ಟೆ. ಎರಡು ಅಥವಾ ಮೂರು ವರ್ಷಕ್ಕೊಮ್ಮೆ, ನಿಗದಿತ ತಿಂಗಳಲ್ಲಿ, ಎದುರಾಳಿ ಯೂನಿಯನ್ ಸವಾಲು ಹಾಕಬಹುದಾದ ಅವಕಾಶ ಇಟ್ಟರೆ ಸ್ಥಿರತೆಯೂ ಉಳಿಯುತ್ತದೆ, ಹಿಡಿತವೂ ತಪ್ಪುವುದಿಲ್ಲ.

ಮಾನ್ಯತೆ ಸಿಕ್ಕರೂ ಮೊದಲ ಒಪ್ಪಂದ ಸಿಗುವುದಿಲ್ಲ. ಅಮೆರಿಕದ 1935ರ ವ್ಯಾಗ್ನರ್ ಕಾಯ್ದೆ ‘ಪ್ರಾಮಾಣಿಕವಾಗಿ ಮಾತುಕತೆ ನಡೆಸಬೇಕು’ ಎನ್ನುತ್ತದೆ, ಒಪ್ಪಂದಕ್ಕೆ ಬರಲೇಬೇಕು ಎನ್ನುವುದಿಲ್ಲ. ಹಾಗಾಗಿ ಚುನಾವಣೆ ಗೆದ್ದ ಯೂನಿಯನ್‌ಗಳಿಗೆ ಮೊದಲ ಒಪ್ಪಂದಕ್ಕೆ ಸರಾಸರಿ ಒಂದು ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಅಷ್ಟರಲ್ಲಿ ಗೆಲ್ಲಿಸಿದವರೇ ಕೆಲಸ ಬಿಟ್ಟಿರುತ್ತಾರೆ. ಪರಿಹಾರವನ್ನು 1973ರಲ್ಲಿ ಬ್ರಿಟಿಷ್ ಕೊಲಂಬಿಯಾವೇ ಮೊದಲು ಬರೆಯಿತು: ಮಾತುಕತೆ ಮುರಿದರೆ ಮೊದಲ ಒಪ್ಪಂದವನ್ನು ಮಧ್ಯಸ್ಥಗಾರರು ನಿರ್ಧರಿಸಬಹುದು. ಆಸ್ಟ್ರೇಲಿಯಾ 2022ರಲ್ಲಿ, ಒಂಬತ್ತು ತಿಂಗಳಾದರೂ ಬಗೆಹರಿಯದ ಮಾತುಕತೆಯನ್ನು ಕಾರ್ಮಿಕ ವ್ಯವಹಾರಗಳ ಆಯೋಗದ ಮುಂದೆ ಒಯ್ಯುವ ಅವಕಾಶ ಕೊಟ್ಟಿತು. ಗಡುವು ತೀರಾ ಚಿಕ್ಕದಾದರೆ ಎರಡೂ ಕಡೆಯವರು ನಿಜವಾಗಿ ಮಾತಾಡದೆ ಮಧ್ಯಸ್ಥಗಾರರಿಗೇ ಕಾಯುತ್ತಾರೆ, ದೊಡ್ಡದಾದರೆ ಸದಸ್ಯರು ಕರಗುತ್ತಾರೆ. 90 ದಿನ ನೇರ ಮಾತುಕತೆ, 30 ದಿನ ರಾಜಿ ಸಂಧಾನ, ನಂತರ ಮಧ್ಯಸ್ಥ ತೀರ್ಪು ಎನ್ನುವ ಲೆಕ್ಕ ಅಮೆರಿಕದ ಕಾಂಗ್ರೆಸ್ಸಿನ ಮುಂದೆ 2009ರಲ್ಲಿ ಬಂದಿತ್ತು. ಮಸೂದೆ ಸತ್ತಿತು, ಲೆಕ್ಕ ಮಾತ್ರ ಈಗಲೂ ಒಳ್ಳೆಯದೇ.

ವಲಯ ಒಪ್ಪಂದ: ವ್ಯಾಪ್ತಿ ದೊಡ್ಡದು, ಬೇರು ಆಳವಿಲ್ಲ

ಚಿಕ್ಕ ಚಿಕ್ಕ ಘಟಕಗಳಲ್ಲಿ ಚದುರಿದ ಕೆಲಸ ಎಂದರೆ ಕಾವಲು, ಸ್ವಚ್ಛತೆ, ಹೋಟೆಲು, ಮನೆಗೆಲಸ. ಅಲ್ಲೆಲ್ಲ ಒಂದೊಂದೇ ಮಾಲೀಕರ ಬಾಗಿಲು ತಟ್ಟಿ ಮಾನ್ಯತೆ ಪಡೆಯುವುದು ಆಗದ ಮಾತು. ಇಡೀ ವಲಯಕ್ಕೆ ಒಂದು ಒಪ್ಪಂದ ಮಾಡಿ, ಸಹಿ ಹಾಕದ ಮಾಲೀಕರಿಗೂ ಅದನ್ನು ಸರ್ಕಾರಿ ಆದೇಶದಿಂದ ವಿಸ್ತರಿಸುವುದು ಇದಕ್ಕೆ ಮದ್ದು. ಕಡಿಮೆ ಸಂಬಳ ಕೊಟ್ಟು ಪೈಪೋಟಿ ಮಾಡುವ ದಾರಿ ಮುಚ್ಚುವುದರಿಂದ ಒಳ್ಳೆಯ ಮಾಲೀಕರೂ ಒಳಗೊಳಗೇ ಇದನ್ನು ಬಯಸುತ್ತಾರೆ.

ಆದರೆ ಫ್ರಾನ್ಸ್ ನೋಡಿ. ಯೂನಿಯನ್ ಸದಸ್ಯರು ಸುಮಾರು ಹತ್ತರಲ್ಲಿ ಒಬ್ಬರು. ಒಪ್ಪಂದದ ವ್ಯಾಪ್ತಿಯಲ್ಲಿ ಶೇ. 90ಕ್ಕೂ ಹೆಚ್ಚು ಕಾರ್ಮಿಕರು. ವಿಸ್ತರಣೆ ಕಾರ್ಮಿಕನನ್ನು ಕಾಯುತ್ತದೆ, ಯೂನಿಯನ್ನನ್ನು ಬೆಳೆಸುವುದಿಲ್ಲ. ಆಸ್ಟ್ರಿಯಾದಲ್ಲಿ ವ್ಯಾಪ್ತಿ ಬಹುತೇಕ ಪೂರ್ತಿ ಇರುವುದಕ್ಕೆ ಕಾರಣ ಇನ್ನೂ ಸ್ವಾರಸ್ಯದ್ದು: ಮಾಲೀಕರೆಲ್ಲ ಕಾನೂನಿನ ಪ್ರಕಾರ ವಾಣಿಜ್ಯ ಮಂಡಳಿಯ ಕಡ್ಡಾಯ ಸದಸ್ಯರು, ಹಾಗಾಗಿ ಆ ಮಂಡಳಿಯ ಸಹಿ ಎಲ್ಲರಿಗೂ ಅನ್ವಯ. ಕಡ್ಡಾಯ ಸದಸ್ಯತ್ವ ಮಾಲೀಕರ ಕಡೆ ಇದೆ ಎನ್ನುವುದನ್ನು ಗಮನಿಸಬೇಕು.

ವಿಸ್ತರಣೆ ಮಂತ್ರಿಯ ಸಹಿಯಿಂದ ನಡೆಯುವಂಥದ್ದು. ಸಹಿ ನಿಂತರೆ ವ್ಯವಸ್ಥೆಯೂ ನಿಲ್ಲುತ್ತದೆ. ಸಾಲದ ಬಿಕ್ಕಟ್ಟಿನ ವರ್ಷಗಳಲ್ಲಿ ಗ್ರೀಸ್ ಮತ್ತು ಪೋರ್ಚುಗಲ್‌ನಲ್ಲಿ ಆದದ್ದು ಅದೇ. ನ್ಯೂಜಿಲೆಂಡಿನ ಪಾಠ ಇನ್ನೂ ಕಹಿ. ಅಲ್ಲಿನ ಲೇಬರ್ ಸರ್ಕಾರ 2022ರ ಅಕ್ಟೋಬರಿನಲ್ಲಿ ನ್ಯಾಯಯುತ ವೇತನ ಒಪ್ಪಂದಗಳ ಕಾಯ್ದೆ ಮಾಡಿತು. ವಲಯದ 1,000 ಕಾರ್ಮಿಕರು ಅಥವಾ ಶೇ. 10 ಮಂದಿ ಕೇಳಿದರೆ ಸಾಕು, ವಲಯ ಮಾತುಕತೆ ಶುರು. ಹೊಸ್ತಿಲು ಕಡಿಮೆ, ಹಂತಗಳು ಮಾತ್ರ ಹಲವು. 2023ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ತುರ್ತು ಕಲಾಪದಲ್ಲಿ ಕಾಯ್ದೆ ರದ್ದು ಮಾಡಿದಾಗ ಒಂದೇ ಒಂದು ಒಪ್ಪಂದವೂ ಪೂರ್ತಿಯಾಗಿರಲಿಲ್ಲ. ಕೈಗೆ ಸಂಬಳ ಬಂದಿದ್ದರೆ ಕಿತ್ತುಕೊಳ್ಳುವುದು ಕಷ್ಟ. ಬರದೇ ಇದ್ದದ್ದನ್ನು ರದ್ದು ಮಾಡಿದರೆ ಯಾರು ಬೀದಿಗಿಳಿಯುತ್ತಾರೆ? ಆ ಪಕ್ಷ ಅಧಿಕಾರಕ್ಕೆ ಬಂದದ್ದು 2017ರಲ್ಲಿ. ಇದೇ ಮಸೂದೆಯನ್ನು ಮೊದಲ ಅವಧಿಯಲ್ಲೇ ತಂದಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ಕಾರ್ಮಿಕರು, ಮಾಲೀಕರು, ಸರ್ಕಾರ ಹೀಗೆ ಮೂರೂ ಕಡೆಯವರ ವೇತನ ಮಂಡಳಿ ಇದೇ ಕುಟುಂಬದ ತಂಗಿ. ಕ್ಯಾಲಿಫೋರ್ನಿಯಾದ ಫಾಸ್ಟ್‌ಫುಡ್ ಮಂಡಳಿ ಕಾನೂನು 2024ರ ಏಪ್ರಿಲ್ 1ರಿಂದ ಗಂಟೆಗೆ 20 ಡಾಲರ್ ತಂದಿತು. ಸಂಬಳ ಏರಿತು, ಆದರೆ ಮಂಡಳಿಯಲ್ಲಿ ಕುರ್ಚಿ ಇರುವುದೂ ಅಂಗಡಿಯಲ್ಲಿ ಯೂನಿಯನ್ ಇರುವುದೂ ಒಂದೇ ಅಲ್ಲ. ಅಂಗಡಿ ಮಟ್ಟಕ್ಕೆ ಬೇರು ಇಳಿಸಲು ಮಂಡಳಿ ಕಾನೂನಿನಲ್ಲೇ ಒಂದು ಕಲಮು ಬೇಕು: ಕೆಲಸದ ಜಾಗಕ್ಕೆ ಯೂನಿಯನ್ ಪ್ರತಿನಿಧಿ ಬರುವ ಹಕ್ಕು. ಆಸ್ಟ್ರೇಲಿಯಾದಲ್ಲಿ ಪರವಾನಗಿ ಇರುವ ಪ್ರತಿನಿಧಿ 24 ಗಂಟೆ ಮುಂಚೆ ಲಿಖಿತ ಸೂಚನೆ ಕೊಟ್ಟು ಒಳಬಂದು ವಿರಾಮದ ವೇಳೆ ಕಾರ್ಮಿಕರೊಡನೆ ಮಾತಾಡಬಹುದು. ಸರ್ಕಾರದ ಬೊಕ್ಕಸಕ್ಕೆ ಏನೂ ಖರ್ಚಿಲ್ಲ.

ಸದಸ್ಯತ್ವ ಮತ್ತು ಚಂದಾ

ಯೂನಿಯನ್ ಮಾಡಿಸಿದ ಒಪ್ಪಂದದ ಲಾಭ ಎಲ್ಲರಿಗೂ, ಚಂದಾ ಕೆಲವರಿಗೆ ಮಾತ್ರ. ಈ ತೊಡಕಿಗೆ ನಾಲ್ಕು ಕಾನೂನು ಉತ್ತರಗಳಿವೆ.

ಸದಸ್ಯರಲ್ಲದವರಿಂದಲೂ ಒಪ್ಪಂದದ ಶುಲ್ಕ ಪಡೆಯುವುದು ಒಂದು. ಇದರಿಂದ ಹಣ ಖಚಿತ, ಆದರೆ ಇದರಷ್ಟು ಸುಲಭವಾಗಿ ದಾಳಿಗೆ ಸಿಗುವ ಗುರಿ ಇನ್ನೊಂದಿಲ್ಲ. ಅಮೆರಿಕದ 1947ರ ಟ್ಯಾಫ್ಟ್–ಹಾರ್ಟ್ಲಿ ಕಾಯ್ದೆ ಇಂಥ ಶುಲ್ಕ ನಿಷೇಧಿಸುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ಮಿಷಿಗನ್ 2012ರಲ್ಲಿ ನಿಷೇಧ ತಂದಿತು, 2022ರಲ್ಲಿ ಡೆಮಾಕ್ರಾಟರು ಎರಡೂ ಸದನ ಗೆದ್ದ ಮೇಲೆ 2023ರಲ್ಲಿ ಅದನ್ನು ತೆಗೆದರು. ಎರಡು ಸಲವೂ ಮಸೂದೆಯಲ್ಲಿ ಒಂದಿಷ್ಟು ಅನುದಾನದ ಮೊತ್ತ ಸೇರಿಸಿದ್ದರು, ಏಕೆಂದರೆ ಆ ರಾಜ್ಯದಲ್ಲಿ ಅನುದಾನವಿರುವ ಕಾನೂನನ್ನು ಜನಮತಕ್ಕೆ ಎಳೆಯುವಂತಿಲ್ಲ. ಜನಮತಕ್ಕೆ ಹೆದರಬೇಕಿಲ್ಲ ಎನ್ನುವುದಕ್ಕೆ ಮಿಸ್ಸೌರಿ ಉದಾಹರಣೆ: 2018ರಲ್ಲಿ ಅಲ್ಲಿನ ಮತದಾರರೇ ಮೂರರಲ್ಲಿ ಎರಡು ಪಾಲಿನ ಬಹುಮತದಿಂದ ಇಂಥ ನಿಷೇಧವನ್ನು ತಿರಸ್ಕರಿಸಿದರು. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ಸರ್ಕಾರಿ ನೌಕರರಿಂದ ಶುಲ್ಕ ಪಡೆಯುವುದನ್ನೇ ನಿಷೇಧಿಸಿತು.

ಸಂಬಳದಲ್ಲೇ ಚಂದಾ ಕಡಿತ ಎರಡನೆಯದು. ಕಾರ್ಮಿಕ ಲಿಖಿತ ಒಪ್ಪಿಗೆ ಕೊಟ್ಟರೆ ಮಾಲೀಕರು ಕಡಿತ ಮಾಡಲೇಬೇಕು ಎಂದು ಬರೆದರೆ ಸಾಕು. ಒಪ್ಪಿಗೆ ಸ್ವಯಂಪ್ರೇರಿತವಾದ್ದರಿಂದ ನ್ಯಾಯಾಲಯದಲ್ಲಿ ಗಟ್ಟಿ. ಇದು ಎಷ್ಟು ಮುಖ್ಯ ಎಂದು ವಿರೋಧಿಗಳಿಗೆ ಚೆನ್ನಾಗಿ ಗೊತ್ತು. 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಆಕ್ಟ್ 10 ಸರ್ಕಾರಿ ನೌಕರರ ಯೂನಿಯನ್‌ಗಳ ಮೇಲೆ ಬಂದಾಗ ಚೌಕಾಸಿಯ ವ್ಯಾಪ್ತಿ ಕತ್ತರಿಸಿದ್ದರ ಜೊತೆಗೆ ಚಂದಾ ಕಡಿತ ನಿಲ್ಲಿಸಿತು, ಪ್ರತಿ ವರ್ಷ ಮರು ಮತದಾನ ಕಡ್ಡಾಯ ಮಾಡಿತು. ಸದಸ್ಯತ್ವ ಕೆಲವೇ ವರ್ಷಗಳಲ್ಲಿ ಕುಸಿಯಿತು. ಒಡೆಯುವವರು ಮೊದಲು ಎಲ್ಲಿ ಏಟು ಹಾಕುತ್ತಾರೆ ಎಂದು ನೋಡಿದರೆ, ಕಟ್ಟುವವರು ಎಲ್ಲಿ ಗಾರೆ ಹಾಕಬೇಕು ಎಂದು ತಿಳಿಯುತ್ತದೆ.

ಮೂರನೆಯದು, ನಿರುದ್ಯೋಗ ವಿಮೆಯನ್ನು ಯೂನಿಯನ್ ನಿಧಿಗಳ ಮೂಲಕ ನಡೆಸುವ ಗೆಂಟ್ ಪದ್ಧತಿ. ಬೆಲ್ಜಿಯಂನ ಊರಿನ ಹೆಸರು ಹೊತ್ತ ಈ ಪದ್ಧತಿ ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳಲ್ಲಿ ಬೇರುಬಿಟ್ಟಿತು. ಸದಸ್ಯತ್ವದ ಪಟ್ಟಿಯಲ್ಲಿ ಜಗತ್ತಿನ ಮುಂಚೂಣಿಯಲ್ಲಿರುವ ದೇಶಗಳಲ್ಲಿ ಇವೂ ಸೇರಿವೆ. ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇದರಷ್ಟು ನೇರ ಉತ್ತರ ಕೊಡುವ ಕಾನೂನು ಬೇರೆ ಇಲ್ಲ. ಆದರೆ ಈ ನಿಧಿಗಳಿಗೆ ಸರ್ಕಾರ ಕೊಡುವ ಸಹಾಯಧನ ಕಡಿಮೆಯಾದರೆ ಏನಾಗುತ್ತದೆ ಎನ್ನುವುದೂ ಕಂಡಿದೆ. 2007ರಲ್ಲಿ ಸ್ವೀಡನ್ನಿನ ಬಲಪಂಥೀಯ ಮೈತ್ರಿ ಸರ್ಕಾರ ವಿಮಾ ನಿಧಿಯ ಶುಲ್ಕ ಏರಿಸಿತು, ಚಂದಾದ ಮೇಲಿನ ತೆರಿಗೆ ರಿಯಾಯಿತಿ ತೆಗೆಯಿತು. 2006ರಲ್ಲಿ ಶೇ. 77 ಇದ್ದ ಸದಸ್ಯತ್ವ 2008ಕ್ಕೆ ಶೇ. 71. ಯೂನಿಯನ್ ವಿರೋಧಿ ಕಾನೂನು ಒಂದೂ ಬೇಕಾಗಲಿಲ್ಲ. ಫಿನ್ಲೆಂಡಿನಲ್ಲಿ ಯೂನಿಯನ್‌ಗೆ ಸಂಬಂಧವಿಲ್ಲದ ವಿಮಾ ನಿಧಿ 1992ರಲ್ಲಿ ಹುಟ್ಟಿ ಬೆಳೆದಾಗ, ಬರೀ ವಿಮೆ ಬೇಕಾದವರು ಅತ್ತ ಹೊರಟರು. ಈಗಾಗಲೇ ಸರ್ಕಾರಿ ನಿರುದ್ಯೋಗ ವಿಮೆ ಇರುವ ದೇಶದಲ್ಲಿ ಇದನ್ನು ಹೊಸದಾಗಿ ಕಟ್ಟುವುದು ಬಹಳ ಕಷ್ಟ.

ನಾಲ್ಕನೆಯದು ತೆರಿಗೆ ರಿಯಾಯಿತಿ. ನಾರ್ವೆ ಈಚಿನ ವರ್ಷಗಳಲ್ಲಿ ಚಂದಾದ ಮೇಲಿನ ರಿಯಾಯಿತಿ ಮಿತಿಯನ್ನು ದುಪ್ಪಟ್ಟು ಮಾಡಿದೆ. ಬಜೆಟ್‌ನಲ್ಲೇ ಸೇರಿಸಬಹುದು, ಮುಂದಿನ ಬಜೆಟ್‌ನಲ್ಲಿ ತೆಗೆಯಲೂಬಹುದು. ತೆರಿಗೆಯನ್ನೇ ಕಟ್ಟದಷ್ಟು ಕಡಿಮೆ ಸಂಬಳದವರಿಗೆ ಇದು ಮೂಗಿಗೆ ತುಪ್ಪ ಸವರಿದಂತೆ, ವಾಸನೆ ಬಂದೀತು, ಬಾಯಿಗೆ ಸಿಗದು.

ಮುಷ್ಕರದ ಕಾನೂನು

ಇಲ್ಲಿ ನಿರ್ಣಾಯಕವಾದದ್ದು ಒಂದೇ ಪ್ರಶ್ನೆ: ಮುಷ್ಕರ ಮಾಡಿದವನ ಕೆಲಸ ಉಳಿಯುತ್ತದೆಯೇ? ಅಮೆರಿಕದಲ್ಲಿ 1938ರ ಮ್ಯಾಕೆ ರೇಡಿಯೊ ತೀರ್ಪಿನಿಂದಾಗಿ ಸಂಬಳಕ್ಕಾಗಿ ಮುಷ್ಕರ ಹೂಡಿದವರ ಜಾಗಕ್ಕೆ ಮಾಲೀಕರು ಖಾಯಂ ಆಗಿ ಬೇರೆಯವರನ್ನು ತರಬಹುದು. ವಜಾ ಮಾಡುವಂತಿಲ್ಲ, ಆದರೆ ಜಾಗ ತುಂಬಿದೆ ಎನ್ನಬಹುದು. ಹೊಟ್ಟೆಗೆ ಎರಡೂ ಒಂದೇ. ಕೆನಡಾದ ಕ್ವಿಬೆಕ್ 1977ರಲ್ಲಿ ಬದಲಿ ಕಾರ್ಮಿಕರನ್ನು ನಿಷೇಧಿಸಿತು, ಆ ಕಾನೂನು ಇಂದಿಗೂ ಇದೆ. ಒಂಟಾರಿಯೊದಲ್ಲಿ ಅಂಥದ್ದೇ ಕಾನೂನು 1993ರಲ್ಲಿ ಜಾರಿಗೆ ಬಂತು. 1995ರಲ್ಲಿ ಬಂದ ಸರ್ಕಾರ ಅದೇ ವರ್ಷ ಕಿತ್ತುಹಾಕಿತು. ಕ್ವಿಬೆಕ್‌ನಲ್ಲಿ ಕಾನೂನು ಮಾಡಿದ ಪಕ್ಷ 1985ರವರೆಗೆ ಅಧಿಕಾರದಲ್ಲಿತ್ತು. ಮಾಲೀಕರು ಅಷ್ಟು ವರ್ಷ ಅದರೊಡನೆ ಬದುಕಿ ಹೊಂದಿಕೊಂಡಿದ್ದರು. ಒಂಟಾರಿಯೊಗೆ ಸಿಕ್ಕಿದ್ದು ಮೂರು ವರ್ಷಕ್ಕೂ ಕಡಿಮೆ. ಕೆನಡಾದ ಕೇಂದ್ರ ವ್ಯಾಪ್ತಿಯ ಉದ್ಯಮಗಳಿಗೆ ಇದೇ ನಿಷೇಧ 2025ರ ಜೂನ್ 20ರಿಂದ ಜಾರಿಯಲ್ಲಿದೆ.

ನಿಷೇಧಕ್ಕೆ ಬೇಕಾದ ಮತಗಳಿಲ್ಲವೇ? ನ್ಯೂಯಾರ್ಕ್, ನ್ಯೂಜೆರ್ಸಿಗಳಂತೆ, ನಿಗದಿತ ದಿನ ಕಾದ ಮೇಲೆ ಮುಷ್ಕರನಿರತರಿಗೂ ನಿರುದ್ಯೋಗ ಭತ್ಯೆ ಕೊಡಬಹುದು. ನೋಟಿಸಿನ ಅವಧಿಯನ್ನು ಕಡಿಮೆ ಮಾಡಬಹುದು. ಭಾರತದ ಸಂಹಿತೆ ಎಲ್ಲ ಉದ್ಯಮಗಳಿಗೂ 14 ದಿನದ ನೋಟಿಸು ಕಡ್ಡಾಯ ಮಾಡಿದೆ, ಅರ್ಧಕ್ಕರ್ಧ ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೆ ಅದನ್ನೂ ಮುಷ್ಕರ ಎಂದು ಎಣಿಸುತ್ತದೆ. ರಾಜಿ ಸಂಧಾನ ನಡೆಯುವಾಗ ಮುಷ್ಕರ ನಿಷಿದ್ಧ ಎಂಬ ನಿಯಮ ಜೊತೆಗೂಡಿದರೆ, ನೋಟಿಸು ಕೊಟ್ಟ ಕೂಡಲೇ ಸಂಧಾನ ಶುರುವಾಗಿ ಕಾನೂನುಬದ್ಧ ಮುಷ್ಕರಕ್ಕೆ ದಿನವೇ ಸಿಗದಂತಾಗುತ್ತದೆ. ಇಂಥ ಕಡೆ ತಿದ್ದಬೇಕಾದದ್ದು ಒಂದೇ ಸಾಲು: ಸಂಧಾನಕ್ಕೆ ಕೊನೆಯ ದಿನ ಇರಲಿ, ಅದು ಮೀರಿದರೆ ನಿಷೇಧ ತಾನಾಗಿ ಬೀಳಲಿ.

ಆಡಳಿತ ಮಂಡಳಿಯಲ್ಲಿ ಕುರ್ಚಿ

ಜರ್ಮನಿ 1951ರಲ್ಲಿ ಕಲ್ಲಿದ್ದಲು, ಉಕ್ಕು ಕಂಪನಿಗಳಲ್ಲಿ ಕಾರ್ಮಿಕರಿಗೆ ಸಮಪಾಲು ಕೊಟ್ಟಿತು. 1976ರಲ್ಲಿ 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಕುರ್ಚಿ, ಆದರೆ ಸಮಬಲವಾದಾಗ ನಿರ್ಣಾಯಕ ಮತ ಷೇರುದಾರರ ಕಡೆಯ ಅಧ್ಯಕ್ಷರದ್ದು. ಕಾನೂನು ಗಟ್ಟಿಯಾಗಿ ಉಳಿದಿದೆ. ಆದರೆ ಅಲ್ಲಿ ಕಾರ್ಮಿಕರು ಆರಿಸುವ ಕಾರ್ಖಾನೆ ಸಮಿತಿಗೆ ಆಯ್ಕೆಯಾಗಲು ಯೂನಿಯನ್ ಸದಸ್ಯತ್ವ ಬೇಕಿಲ್ಲ, ಸಮಿತಿ ಮುಷ್ಕರಕ್ಕೆ ಕರೆ ಕೊಡುವಂತಿಲ್ಲ. ಗಟ್ಟಿ ಯೂನಿಯನ್ ಇರುವಲ್ಲಿ ಇದು ಅದರ ಕೈ ಉದ್ದ ಮಾಡುತ್ತದೆ. ಯೂನಿಯನ್ ಇಲ್ಲದಲ್ಲಿ ಅದರ ಜಾಗವನ್ನೇ ತುಂಬಿಬಿಡುತ್ತದೆ. ಮೊದಲ ಅವಧಿಯ ಕೆಲಸವಲ್ಲ ಇದು.

ಯಾರಿಗೆ ಯಾವ ದಾರಿ

ಬಹುಮತ ತೆಳ್ಳಗಿದ್ದು ಮೇಲ್ಮನೆ ಕೈಯಲ್ಲಿಲ್ಲದಿದ್ದರೆ ದೊಡ್ಡ ಸಮಗ್ರ ಮಸೂದೆಗೆ ಕೈ ಹಾಕಬೇಡಿ. ಅಮೆರಿಕದ ಡೆಮಾಕ್ರಾಟರು 1965, 1978, 2009, 2021ರಲ್ಲಿ ಕಾರ್ಮಿಕ ಕಾನೂನು ಸುಧಾರಣೆಗೆ ಕೈ ಹಾಕಿ ಪ್ರತಿ ಸಲವೂ ಸೆನೆಟ್ಟಿನಲ್ಲಿ ಮುಗ್ಗರಿಸಿದರು. ಚರ್ಚೆಗೆ ತೆರೆ ಎಳೆಯಲು ಬೇಕಾದ ವಿಶೇಷ ಬಹುಮತ ಕೂಡಿಬರಲಿಲ್ಲ. ಬಜೆಟ್ ಮೂಲಕ ಹೋಗಬಹುದಾದ ತೆರಿಗೆ ರಿಯಾಯಿತಿ, ಮುಷ್ಕರ ಭತ್ಯೆ, ಸರ್ಕಾರಿ ಟೆಂಡರುಗಳಿಗೆ ಒಪ್ಪಂದದ ವೇತನದ ಷರತ್ತು ಇವುಗಳಿಂದ ಶುರುಮಾಡಿ. ಟೆಂಡರು ಷರತ್ತು ಬರೆಯುವಾಗ ಎಚ್ಚರವಿರಲಿ: ಜರ್ಮನಿಯ ಲೋಯರ್ ಸ್ಯಾಕ್ಸನಿ ರಾಜ್ಯದ ಇಂಥ ಕಾನೂನನ್ನು ಯುರೋಪಿನ ನ್ಯಾಯಾಲಯ 2008ರಲ್ಲಿ ತಳ್ಳಿಹಾಕಿದ್ದಕ್ಕೆ ಒಂದು ಕಾರಣ, ಅದು ಬರೀ ಸರ್ಕಾರಿ ಕಾಮಗಾರಿಗೆ ಅನ್ವಯವಾಗುತ್ತಿತ್ತು ಎನ್ನುವುದು.

ಅಧಿಕಾರ ರಾಜ್ಯ ಮಟ್ಟದಲ್ಲಿ ಮಾತ್ರ ಇದ್ದರೆ ಮೊದಲು ಸಂವಿಧಾನದ ಗೆರೆ ನೋಡಿಕೊಳ್ಳಿ. ಮೇಲೆ ಹೇಳಿದ ಶುಲ್ಕದಂಥ ಕೆಲವು ವಿಷಯ ಬಿಟ್ಟರೆ ಅಮೆರಿಕದ ರಾಜ್ಯಗಳು ಖಾಸಗಿ ವಲಯದ ಯೂನಿಯನ್ ಕಾನೂನು ಮುಟ್ಟುವಂತಿಲ್ಲ. ಆದರೆ ಕೇಂದ್ರ ಕಾಯ್ದೆ ಹೊರಗಿಟ್ಟ ಕೃಷಿ ಕಾರ್ಮಿಕರಿಗೆ ಕ್ಯಾಲಿಫೋರ್ನಿಯಾ 1975ರಲ್ಲೇ ಪ್ರತ್ಯೇಕ ಕಾನೂನು ಮಾಡಿತು. ಭಾರತದಲ್ಲಿ ಕಾರ್ಮಿಕ ವಿಷಯ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರದ ಸಂಹಿತೆಗೆ ವಿರುದ್ಧವಾಗಿ ಬರೆದರೆ ಸಂವಿಧಾನದ 254(2)ರ ಪ್ರಕಾರ ರಾಷ್ಟ್ರಪತಿಯ ಅಂಕಿತ ಬೇಕು, ಅಂದರೆ ಕೀಲಿ ಕೇಂದ್ರದ ಕೈಯಲ್ಲಿ. ಸಂಹಿತೆ ಮುಟ್ಟದ ಜಾಗದಲ್ಲಿ ಕಟ್ಟುವುದು ಜಾಣತನ. ಮಹಾರಾಷ್ಟ್ರದ 1969ರ ಮಾಥಾಡಿ (ಹಮಾಲಿ) ಕಾಯ್ದೆ, ಕೇರಳದ 1978ರ ತಲೆಹೊರೆ ಕಾರ್ಮಿಕರ ಕಾಯ್ದೆ ಹಾಗೆ ಹುಟ್ಟಿದವು: ಕಾರ್ಮಿಕರೂ ಮಾಲೀಕರೂ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ಕೂಲಿ ಮಂಡಳಿಯ ಮೂಲಕ ಹೋಗಬೇಕು, ಮಂಡಳಿಯಲ್ಲಿ ಯೂನಿಯನ್ ಕೂರುತ್ತದೆ.

ಭದ್ರ ಬಹುಮತ, ಪೂರ್ತಿ ಅವಧಿ ಕೈಯಲ್ಲಿದ್ದರೆ ಮಾನ್ಯತೆ, ಮೊದಲ ಒಪ್ಪಂದದ ಮಧ್ಯಸ್ಥಿಕೆ, ಚಂದಾ ಕಡಿತ ಮೂರನ್ನೂ ಮೊದಲ ವರ್ಷವೇ ಒಟ್ಟಿಗೆ ತನ್ನಿ. ಒಂದನ್ನು ಬಿಟ್ಟು ಒಂದು ತಂದರೆ ಮೂರೂ ಕುಂಟುತ್ತವೆ. ವಲಯ ಒಪ್ಪಂದ ಎರಡನೆಯ ವರ್ಷ ಬರಲಿ, ಆದರೆ ಚುನಾವಣೆಗೆ ಮುನ್ನ ಕನಿಷ್ಠ ಒಂದೆರಡು ವಲಯಗಳಲ್ಲಿ ಏರಿದ ಸಂಬಳ ಕಾರ್ಮಿಕರ ಖಾತೆಗೆ ಬಿದ್ದಿರಬೇಕು.

ಕರಡು ಬರೆಯುವಾಗ ಕೈ ತಪ್ಪುವ ಜಾಗಗಳು

ದಂಡವಿಲ್ಲದ ಹಕ್ಕು ಹಲ್ಲಿಲ್ಲದ ಹಾವು. ಯೂನಿಯನ್ ಕಟ್ಟಿದವನನ್ನು ತೆಗೆದುಹಾಕಿದರೆ ಅಮೆರಿಕದ ಕಾಯ್ದೆಯಲ್ಲಿ ಮಾಲೀಕರಿಗೆ ದಂಡವಿಲ್ಲ. ಬಾಕಿ ಸಂಬಳ ಕೊಡಬೇಕು, ಅದರಲ್ಲೂ ಆತ ಮಧ್ಯದಲ್ಲಿ ಬೇರೆಡೆ ದುಡಿದದ್ದನ್ನು ಕಳೆದು. ಇಷ್ಟು ಕಡಿಮೆ ಬೆಲೆಗೆ ಯೂನಿಯನ್ ಮುರಿಯಬಹುದಾದರೆ ಅದು ವ್ಯಾಪಾರದ ಖರ್ಚು ಅಷ್ಟೆ. ಮಾನ್ಯತೆಯ ಅರ್ಜಿ ಬಾಕಿ ಇರುವಾಗ ತೆಗೆದುಹಾಕಿದವರನ್ನು ತನಿಖೆ ಮುಗಿಯುವ ಮೊದಲೇ ಮರಳಿ ಸೇರಿಸಿಕೊಳ್ಳಬೇಕು ಎನ್ನುವ ಮಧ್ಯಂತರ ಆದೇಶ, ದೊಡ್ಡ ದಂಡಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಜನ ನೋಡುವುದು ಆತ ಸೋಮವಾರ ಗೇಟಿನೊಳಗೆ ಬಂದನೇ ಇಲ್ಲವೇ ಎಂದು.

ಎಲ್ಲವನ್ನೂ ಒಂದೇ ಪ್ರಾಧಿಕಾರದ ಕೈಗೆ ಕೊಡಬೇಡಿ. ಅಮೆರಿಕದ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿ ಸದಸ್ಯರ ಕೊರತೆಯಿಂದ 2025ರ ಹೆಚ್ಚಿನ ಭಾಗ ಕೋರಂ ಇಲ್ಲದೆ ಕೂತಿತ್ತು; ಮೇಲ್ಮನವಿಗಳು ಅಲ್ಲೇ ನಿಂತವು. ಪ್ರಾಧಿಕಾರ ಇಂತಿಷ್ಟು ದಿನದಲ್ಲಿ ತೀರ್ಮಾನಿಸದಿದ್ದರೆ ನೇರವಾಗಿ ನ್ಯಾಯಾಲಯಕ್ಕೆ ಹೋಗಬಹುದು, ಅಥವಾ ಮಾನ್ಯತೆ ಸಿಕ್ಕಂತೆ ಎಂದು ಭಾವಿಸಬೇಕು ಎಂಬ ಕಲಮು ಇರಲಿ.

ಕೊನೆಯದಾಗಿ ಜಾರಿಯ ದಿನಾಂಕ. ಭಾರತದ ಕೇಂದ್ರ ಶಾಸಕಾಂಗ 1947ರಲ್ಲೇ ಕಾರ್ಮಿಕ ಸಂಘಗಳ ಕಾಯ್ದೆಗೆ ತಿದ್ದುಪಡಿ ತಂದು ಮಾಲೀಕರು ಪ್ರಾತಿನಿಧಿಕ ಯೂನಿಯನ್‌ಗೆ ಮಾನ್ಯತೆ ಕೊಡುವುದನ್ನು ಕಡ್ಡಾಯ ಮಾಡಿತ್ತು. ‘ಸರ್ಕಾರ ಅಧಿಸೂಚನೆಯಲ್ಲಿ ಗೊತ್ತುಪಡಿಸುವ ದಿನದಿಂದ’ ಜಾರಿ. ಆ ಅಧಿಸೂಚನೆ ಹೊರಬೀಳಲೇ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಮಸೂದೆಯಲ್ಲೇ ತಾರೀಖು ಬರೆಯಿರಿ, ಕರಡು ನಿಯಮಗಳನ್ನು ಮಸೂದೆಯ ಜೊತೆಗೇ ಸದನದಲ್ಲಿ ಇಡಿ, ನಿಯಮ ಬರದಿದ್ದರೂ ಕಾಯ್ದೆಯ ಕಲಮುಗಳು ಆ ತಾರೀಖಿನಿಂದ ನಡೆಯತಕ್ಕದ್ದು ಎಂದು ಸೇರಿಸಿ.